ಮಚ್ಚೆ ಇರುವ ಒಂದು ಫೋಟೋ

ಅಮ್ಮನ ಎಡಗೆನ್ನೆಯ ಹುಟ್ಟುಮಚ್ಚೆ ಬದಲಾಗಿದೆ ಎಂದು ಮೊದಲು ಕಂಡುಹಿಡಿದವಳು ಚಿಕ್ಕಮ್ಮ. ಕಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ಅವಳಿಗಿಲ್ಲ. ವರ್ಷದ ಮೇಲೆ ಅಕ್ಕನ ಮನೆಗೆ ಬಂದವಳು, ಚಪ್ಪಲಿ ಬಿಚ್ಚುವುದಕ್ಕೂ ಮೊದಲು, ಚೀಲ ಕೈಯಲ್ಲಿರುವಾಗಲೇ ಹೊಸ್ತಿಲ ಮೇಲೆ ನಿಂತು ಕೂಗಿದಳು.

"ಅಕ್ಕಾ, ಇದೇನೇ ಇದು! ನಿನ್ನ ಮಚ್ಚೆ ಮರಿ ಹಾಕಿದೆ!"

"ಮೊದಲು ಕನ್ನಡಕ ಒರೆಸ್ಕೋ," ಎಂದಳು ಅಮ್ಮ.

"ಒರೆಸ್ಕೊಂಡೇ ನೋಡ್ತಿದೀನಿ. ಕೆಳಗಡೆ ಅಂಚಿನಲ್ಲಿ ಕಪ್ಪಗೆ ಒಂದು ಚುಕ್ಕೆ. ಹೋದ ಸಲ ಇರಲಿಲ್ಲ."

"ಹೋದ ಸಲಾನೂ ಇತ್ತು, ಅದರ ಹಿಂದಿನ ಸಲಾನೂ ಇತ್ತು. ನನ್ನ ಕೆನ್ನೆ ನನಗೆ ಗೊತ್ತಿಲ್ವಾ?"

"ನಿನ್ನ ಕೆನ್ನೆ ನಿನಗೆ ಕನ್ನಡೀಲಿ ಮಾತ್ರ ಕಾಣೋದು. ನಾನು ಹುಟ್ಟಿದಾಗಿನಿಂದ ಎದುರಿಗೆ ಕೂತು ನೋಡ್ತಿದೀನಿ."

ವಾದ ಮುಂದುವರಿದು ನನ್ನ ಬಳಿಗೆ ಬಂತು. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಹಾಗಾಗಿ ದೇಹಕ್ಕೆ ಸಂಬಂಧಿಸಿದ ಎಲ್ಲ ವ್ಯಾಜ್ಯಗಳೂ ನಮ್ಮ ಮನೆಯಲ್ಲಿ ನನ್ನ ಮುಂದೆಯೇ ಬರುತ್ತವೆ. ನಾನು ಓದಿರುವುದು ಕೆರೆಯ ಪಾಚಿಯ ಬಗ್ಗೆ ಎಂದು ಎಷ್ಟು ಸಲ ಹೇಳಿದರೂ ಪ್ರಯೋಜನವಾಗಿಲ್ಲ. "ಅದಕ್ಕೂ ಜೀವ ಇದೆ, ಇದಕ್ಕೂ ಜೀವ ಇದೆ, ನೋಡು," ಎಂದು ಚಿಕ್ಕಮ್ಮ ಅಮ್ಮನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು.

ನೋಡಿದೆ. ಹುಣಸೆಬೀಜದಷ್ಟೇ ಅಗಲ, ಅದೇ ಕಂದು ಬಣ್ಣ, ಬೆರಳಾಡಿಸಿದರೆ ತುಸು ಉಬ್ಬು. ನನಗೆ ಬುದ್ಧಿ ಬಂದಾಗಿನಿಂದ ಅಮ್ಮ ಎಂದರೆ ಆ ಮಚ್ಚೆಯೂ ಸೇರಿದ್ದು. ಕೆಳಗಿನ ಅಂಚಿನಲ್ಲಿ ಸಾಸಿವೆಯಷ್ಟು ಜಾಗ ಉಳಿದದ್ದಕ್ಕಿಂತ ಕಪ್ಪಾಗಿತ್ತು, ನಿಜ. ಆದರೆ ಅದು ಹೊಸದೋ ಹಳೆಯದೋ ಎಂದು ಕೇಳಿದರೆ ನನ್ನ ಬಳಿ ಉತ್ತರವಿರಲಿಲ್ಲ. ದಿನಾ ನೋಡುವ ಮುಖವನ್ನು ನಾವು ಯಾವತ್ತೂ ಅಳೆದು ನೋಡಿರುವುದಿಲ್ಲ.

"ಚರ್ಮದ ಡಾಕ್ಟರ್‌ಗೆ ತೋರಿಸೋಣ," ಎಂದೆ.

"ಯಾಕೆ? ಅದು ನಿಮ್ಮಪ್ಪನಿಗಿಂತ ಮೊದಲೇ ನನ್ನ ಜೊತೆ ಬಂದದ್ದು. ಇಷ್ಟು ವರ್ಷ ಒಂದು ದಿನಾನೂ ತಲೆ ತಿನ್ನದೇ ಇರೋದು ಅಂದ್ರೆ ಈ ಮನೇಲಿ ಅದೊಂದೇ."

"ತೋರಿಸೋದು ಅಷ್ಟೇ ಅಮ್ಮಾ."

"ತೋರಿಸಿದ್ರೆ ಕತ್ತರಿಸ್ತಾರೆ. ಅವರ ಕೆಲಸಾನೇ ಅದು. ಕೆನ್ನೆ ಮೇಲೆ ಚಾಕು ಇಟ್ರೆ ನಾನು ಅಲ್ಲೇ ಎದ್ದು ಬರ್ತೀನಿ." ತಮಾಷೆಯಂತೆಯೇ ಹೇಳಿದಳು. ಆದರೆ ಹೇಳುವಾಗ ಅವಳ ಅಂಗೈ ಕೆನ್ನೆಯನ್ನು ಮುಚ್ಚಿಕೊಂಡಿತ್ತು.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಅಮ್ಮ ಅರ್ಧ ಗಂಟೆಯೊಳಗೆ ಎಲ್ಲರ ಚರ್ಮದ ಕಷ್ಟವನ್ನೂ ವಿಚಾರಿಸಿಕೊಂಡಳು. ಹಿಂದೆ ದೂರವಾಣಿ ಕಚೇರಿಯಲ್ಲಿ ಆಪರೇಟರ್ ಆಗಿದ್ದವಳು, ಗುರುತಿಲ್ಲದವರನ್ನು ಮಾತಿಗೆಳೆಯುವುದು ಅವಳಿಗೆ ನೀರು ಕುಡಿದ ಹಾಗೆ. ಪಕ್ಕದಲ್ಲಿ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡ ಒಬ್ಬ ತಾಯಿ ಕೂತಿದ್ದಳು. ಮಗುವಿನ ಸೊಂಟದ ಹಿಂದೆ ಬೂದು ಬಣ್ಣದ, ನೀಲಿ ಛಾಯೆಯ ಅಗಲವಾದ ಗುರುತು. ಪಕ್ಕದ ಮನೆಯವರು ನೋಡಿ, ಮಗೂನ ಯಾರು ಹೊಡೆದರು ಎಂದು ಕೇಳಿದ್ದರಂತೆ. ಅದನ್ನು ಹೇಳುತ್ತಾ ಅವಳು ಮಗುವಿನ ಅಂಗಿಯನ್ನು ಕೆಳಗೆಳೆದು ಗುರುತು ಮುಚ್ಚಿದಳು. ಒಳಗೆ ಹೋಗಿ ಬಂದ ಮೇಲೆ ಮುಖ ಅರಳಿತ್ತು.

"ಅದೂ ಹುಟ್ಟುಮಚ್ಚೇನೇ ಅಂತೆ ಅಮ್ಮಾ. ಚರ್ಮದ ಆಳದಲ್ಲಿ ಬಣ್ಣ ಉಳಿದುಕೊಂಡಿರುತ್ತಂತೆ. ಎಷ್ಟೋ ಮಕ್ಕಳಿಗೆ ಇರುತ್ತಂತೆ. ದೊಡ್ಡವನಾಗೋದರೊಳಗೆ ಸಾಮಾನ್ಯವಾಗಿ ತಾನೇ ಹೋಗುತ್ತಂತೆ."

"ಪುಣ್ಯವಂತ," ಎಂದಳು ಅಮ್ಮ ಮಗುವಿನ ಕಾಲು ಹಿಡಿದು. "ನನ್ನದು ಬಂದು ಕೂತಿದ್ದು, ಖಾಲಿ ಮಾಡಲೂ ಇಲ್ಲ, ಬಾಡಿಗೆ ಕೊಡಲೂ ಇಲ್ಲ."

ಡಾಕ್ಟರಮ್ಮ ಗಿಡ್ಡ ಕೂದಲಿನ, ಅವಸರವಿಲ್ಲದ ಹೆಂಗಸು. ದೀಪವಿರುವ ಪುಟ್ಟ ಭೂತಗನ್ನಡಿಯೊಂದನ್ನು ಅಮ್ಮನ ಕೆನ್ನೆಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು. ಅಮ್ಮ ಉಸಿರು ಬಿಗಿಹಿಡಿದು ಕೂತಿದ್ದಳು. ಉಸಿರು ಹಿಡಿಯಲು ಯಾರೂ ಹೇಳಿರಲಿಲ್ಲ.

"ಹುಟ್ಟುಮಚ್ಚೆ ಅಂದ್ರೆ ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶಗಳು ಒಂದೇ ಕಡೆ ಗುಂಪು ಕಟ್ಕೊಂಡು ಕೂತಿರೋದು. ಬಹುಪಾಲು ಸಾಧು ಪ್ರಾಣಿಗಳು. ಮಗು ಬೆಳೆದ ಹಾಗೆ ಅವೂ ಬೆಳೀತವೆ, ಅದಕ್ಕೆ ಹೆದರಬೇಕಿಲ್ಲ. ಆದ್ರೆ ನೀವು ಬೆಳೆಯೋದು ನಿಂತು ತುಂಬಾ ವರ್ಷ ಆಯ್ತಲ್ಲ. ಈಗ ಮಚ್ಚೆ ಒಂದೇ ಬೆಳೀತಿದೆ ಅಂದ್ರೆ ಯಾಕೆ ಅಂತ ಕೇಳಬೇಕಾಗುತ್ತೆ."

"ಅಗಲಕ್ಕೆ ನಾನೂ ಬೆಳೀತಾನೇ ಇದೀನಿ ಡಾಕ್ಟ್ರೇ."

ಡಾಕ್ಟರಮ್ಮ ನಕ್ಕರು, ಆದರೆ ಜಾರಲು ಬಿಡಲಿಲ್ಲ. ರಕ್ತ ಬಂದಿತ್ತಾ, ಗಂಟಾಗಿತ್ತಾ, ಅಂಚು ಕಲಸಿಕೊಂಡಿದೆಯಾ ಎಂದು ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಅಮ್ಮ ಇಲ್ಲವೆಂದು ತಲೆಯಾಡಿಸಿದಳು.

"ತುರಿಕೆ?"

"ಇಲ್ಲ."

"ಮೊನ್ನೆ ನೀನು ಕೆರ್ಕೊಳ್ತಿದ್ದೆ!" ಎಂದಳು ಹಿಂದೆ ನಿಂತಿದ್ದ ಚಿಕ್ಕಮ್ಮ.

"ಅದು ನೀನು ಬಂದಿದ್ದಕ್ಕೆ."

ಚಿಕ್ಕಮ್ಮ ಅವಮಾನ ನುಂಗಿಕೊಂಡು, ಬಂದದ್ದು ದಂಡವಾಗಬಾರದೆಂದು ತನ್ನ ತೋಳನ್ನೂ ಮುಂದೆ ಚಾಚಿದಳು. ಅಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣದ ಚಪ್ಪಟೆ ಮಚ್ಚೆಯೊಂದಿತ್ತು. "ಹುಟ್ಟಿದಾಗಿನಿಂದ ಒಂದೇ ಇದೆ, ಹಾಗೇ ಇದೆ ಅಂದ್ರೆ ಅದನ್ನ ಮರೆತುಬಿಡಿ," ಎಂದರು ಡಾಕ್ಟರಮ್ಮ. "ಚಿಕ್ಕ ಮಕ್ಕಳ ಮೈಮೇಲೆ ಇಂಥವು ಆರೋ ಹೆಚ್ಚೋ ಕಂಡ್ರೆ ಮಾತ್ರ ಬಂದು ತೋರಿಸಬೇಕು." ಚಿಕ್ಕಮ್ಮನಿಗೆ ಸ್ವಲ್ಪ ನಿರಾಶೆಯೇ ಆದಂತೆ ಕಂಡಿತು.

ಆಮೇಲೆ ಅವರು ಅಮ್ಮನ ಕಡೆ ತಿರುಗಿ ವಿಷಯಕ್ಕೆ ಬಂದರು. "ನೋಡಿ, ಈ ಕಪ್ಪು ಚುಕ್ಕೆ ಮೊದಲಿನಿಂದ ಇದ್ದದ್ದೇ ಆದ್ರೆ ನಾನು ಮುಟ್ಟೋದಿಲ್ಲ. ಆಗಾಗ ನೋಡ್ತಾ ಇರೋಣ. ಹೊಸದು ಅಂತಾದ್ರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಕೆಟ್ಟದ್ದಾಗಿದ್ರೆ ಬೇಗ ಗೊತ್ತಾಗೋದು ಒಳ್ಳೇದು. ಹಳೇ ಫೋಟೋ ಏನಾದ್ರೂ ಇದ್ಯಾ, ಕೆನ್ನೆ ಸ್ಪಷ್ಟವಾಗಿ ಕಾಣೋದು?"

ಅಮ್ಮ ಕುರ್ಚಿಯಲ್ಲಿ ನೆಟ್ಟಗಾದಳು. ಗೆದ್ದವಳ ನಗು.

"ಫೋಟೋನಾ? ನಮ್ಮನೆಯವರು ಸ್ಟುಡಿಯೋ ಇಟ್ಟಿರೋರು ಡಾಕ್ಟ್ರೇ! ನನ್ನ ಫೋಟೋ ಗಾಡಿಗಟ್ಟಲೆ ಇದೆ. ಎಷ್ಟು ಬೇಕು ಹೇಳಿ."

ನಾನು ಮಾತ್ರ ನಗಲಿಲ್ಲ. ನನಗೆ ಅಪ್ಪನ ಕೆಲಸ ಗೊತ್ತಿತ್ತು.

ಅಪ್ಪನಿಗೆ ಬೀದಿಯಲ್ಲಿ 'ರಬ್ಬರ್' ಎಂದು ಅಡ್ಡಹೆಸರು. ಮುಖದ ಮೇಲಿನ ಯಾವ ಗುರುತೂ ಅವರ ಸ್ಟುಡಿಯೋ ಬಾಗಿಲು ದಾಟಿ ಹೊರಗೆ ಹೋದದ್ದಿಲ್ಲ. ಮೊಡವೆ, ಸಿಡುಬಿನ ಕಲೆ, ಬಾಲ್ಯದಲ್ಲಿ ಬಿದ್ದು ಒಡೆದ ಹುಬ್ಬು, ನಿದ್ದೆಗೆಟ್ಟ ಕಣ್ಣಿನ ಕೆಳಗಿನ ಕಪ್ಪು, ಎಲ್ಲವೂ ಅಲ್ಲೇ ಸಮಾಧಿ. ಮೊದಲು ನೆಗೆಟಿವ್ ಮೇಲೆ ಸೂಜಿಮೊನೆಯ ಪೆನ್ಸಿಲ್ ಆಡಿಸುತ್ತಿದ್ದರು, ಆಮೇಲೆ ಪ್ರಿಂಟಿನ ಮೇಲೆ ಕುಂಚ, ಈಗ ಕಂಪ್ಯೂಟರ್. ಉಪಕರಣ ಬದಲಾಯಿತು, ಮನಸ್ಸು ಬದಲಾಗಲಿಲ್ಲ. ಈ ಬೀದಿಯ ಗೋಡೆಗಳ ಮೇಲೆ ತೂಗುವ ಮುಖಗಳಿಗೆಲ್ಲ ಒಂದೇ ಚರ್ಮ, ಸಿಪ್ಪೆ ಸುಲಿದ ಬೇಯಿಸಿದ ಮೊಟ್ಟೆಯದು. ಗಿರಾಕಿಗಳು ಹೇಳದಿದ್ದರೂ ಮಾಡುತ್ತಿದ್ದರು. ಬೇಡ ಎಂದವರಿಗೆ ಸ್ವಲ್ಪ ಕಡಿಮೆ ಮಾಡುತ್ತಿದ್ದರು, ಅಷ್ಟೇ.

ಮನೆಗೆ ಬಂದ ತಕ್ಷಣ ಅಮ್ಮ ಆಲ್ಬಮ್‌ಗಳನ್ನೆಲ್ಲ ಹಾಸಿಗೆಯ ಮೇಲೆ ಸುರಿದಳು. ಮದುವೆಯ ಫೋಟೋ ತೆಗೆದಳು. ಕೆನ್ನೆ ಸ್ವಚ್ಛ. ನನ್ನನ್ನು ಎತ್ತಿಕೊಂಡ ಫೋಟೋ, ಸ್ವಚ್ಛ. ಸಮುದ್ರದ ದಂಡೆಯಲ್ಲಿ ಗಾಳಿಗೆ ಕೂದಲು ಹಾರುತ್ತಿರುವ ಫೋಟೋದಲ್ಲಿ ಮರಳಿನ ಕಣ ಕೂಡ ಎಣಿಸಬಹುದಿತ್ತು, ಮಚ್ಚೆ ಮಾತ್ರ ಇರಲಿಲ್ಲ. ಅಮ್ಮ ಪುಟ ಮಗುಚುವ ವೇಗ ಹೆಚ್ಚುತ್ತಾ ಹೋಯಿತು. ಕೊನೆಗೆ ಹಾಸಿಗೆಯ ನಡುವೆ ಕೂತು, ಸುತ್ತಲಿದ್ದ ನೂರಾರು ನುಣುಪು ಮುಖಗಳನ್ನು ನೋಡಿದಳು.

"ಇವರು ಯಾರೇ?" ಎಂದು ನನ್ನನ್ನು ಕೇಳಿದಳು.

"ಇಷ್ಟು ವರ್ಷ ನೀನು ಗಮನಿಸಲೇ ಇಲ್ವಾ ಅಮ್ಮಾ?"

"ಫೋಟೋದಲ್ಲಿ ಚೆನ್ನಾಗಿ ಕಾಣ್ತೀನಿ ಅಂತ ಗಮನಿಸಿದ್ದೆ. ಚೆನ್ನಾಗಿ ಕಾಣ್ತಿರೋವಾಗ ಯಾಕೆ ಅಂತ ಯಾರಾದ್ರೂ ಕೇಳ್ತಾರಾ?"

ಅಪ್ಪ ಸ್ಟುಡಿಯೋ ಮುಚ್ಚಿ ಬಂದಾಗ ಅವಳು ಬಾಗಿಲಲ್ಲೇ ಕಾದಿದ್ದಳು.

"ಇಷ್ಟು ವರ್ಷ ಯಾವಳ ಜೊತೆ ಸಂಸಾರ ಮಾಡಿದ್ರಿ ನೀವು?"

ಅಪ್ಪ ಗಾಬರಿಯಿಂದ ನನ್ನನ್ನೂ ಚಿಕ್ಕಮ್ಮನನ್ನೂ ನೋಡಿದರು. ಹಾಸಿಗೆಯ ಮೇಲಿನ ಆಲ್ಬಮ್‌ಗಳು ಕಣ್ಣಿಗೆ ಬಿದ್ದ ಮೇಲೆ ವಿಷಯ ಅರ್ಥವಾಯಿತು.

"ಸಂಸಾರ ನಿನ್ನ ಜೊತೇನೇ," ಎಂದರು ಮೆಲ್ಲಗೆ. "ಫೋಟೋ ಮಾತ್ರ ಅವಳದ್ದು."

"ನನ್ನ ಮಚ್ಚೆ ಅಷ್ಟು ಅಸಹ್ಯವಾಗಿತ್ತಾ?"

"ಛೆ, ಅಸಹ್ಯ ಯಾಕೆ? ಕೈ ಅಭ್ಯಾಸ. ಕಂಡ ತಕ್ಷಣ ಹೋಗುತ್ತೆ ಅಲ್ಲಿಗೆ."

ನಾನು ಮಧ್ಯೆ ಬಾಯಿ ಹಾಕಿ ಹಳೆಯ ನೆಗೆಟಿವ್‌ಗಳ ಬಗ್ಗೆ ಕೇಳಿದೆ. ಕಂಪ್ಯೂಟರ್ ಬಂದ ವರ್ಷ ಅವನ್ನೆಲ್ಲ ಫಿಲ್ಮಿನಿಂದ ಬೆಳ್ಳಿ ತೆಗೆಯುವವನಿಗೆ ತೂಕಕ್ಕೆ ಹಾಕಿದ್ದರಂತೆ. ಕಂಪ್ಯೂಟರಿನಲ್ಲಿ ಮೂಲ ಚಿತ್ರಗಳು? ತಿದ್ದಿದ ಮೇಲೆ ಮೂಲ ಯಾಕೆ, ಜಾಗ ದಂಡ ಎಂದರು.

"ಹೋಗಲಿ, ಆ ಚುಕ್ಕೆ ಮೊದಲಿಂದ ಇತ್ತಾ ಇರಲಿಲ್ವಾ, ಅದನ್ನಾದ್ರೂ ಹೇಳಿ ಭಾವ," ಎಂದಳು ಚಿಕ್ಕಮ್ಮ. "ಆ ಮಚ್ಚೇನ ನಿಮ್ಮಷ್ಟು ಹತ್ತಿರದಿಂದ, ಅದೂ ಭೂತಗನ್ನಡಿ ಇಟ್ಕೊಂಡು, ಯಾರೂ ನೋಡಿಲ್ಲ."

ಅಪ್ಪ ಅಮ್ಮನ ಕೆನ್ನೆಯನ್ನು ನೋಡಿದರು. ಆಲ್ಬಮ್ ನೋಡಿದರು. ಮತ್ತೆ ಕೆನ್ನೆಯನ್ನು ನೋಡಿದರು.

"ಅಳಿಸೋಕೆ ಎಷ್ಟು ಬೇಕೋ ಅಷ್ಟು ನೋಡಿದ್ದೀನಿ," ಎಂದರು. "ಅದು ಹೇಗಿದೆ ಅಂತ ನೋಡಿಲ್ಲ."

ಮುಂದಿನ ಕೆಲವು ದಿನ ನಮ್ಮ ಮನೆಯಲ್ಲಿ ಮಚ್ಚೆ ಇರುವ ಒಂದು ಫೋಟೋಗಾಗಿ ಹುಡುಕಾಟ ನಡೆಯಿತು. ನನ್ನ ಫೋನಿನಲ್ಲಿ ಅಮ್ಮ ಧಾರಾಳವಾಗಿ ಇದ್ದಳು, ಆದರೆ ಎಲ್ಲದರಲ್ಲೂ ಬಲಗೆನ್ನೆಯೇ. ಕ್ಯಾಮೆರಾ ಕಂಡರೆ ಅವಳ ಮುಖ ತಾನಾಗಿ ಆ ಕಡೆ ತಿರುಗುತ್ತದೆ, ಅಪ್ಪ ಪಳಗಿಸಿದ್ದು. ಚಿಕ್ಕಮ್ಮನ ಫೋನು ಮುಖ ಕಂಡ ಕೂಡಲೇ ತನ್ನಷ್ಟಕ್ಕೆ ನುಣುಪು ಮಾಡುವಂಥದ್ದು. ಒಂದು ಚಿತ್ರದಲ್ಲಿ ಅದು ಅಮ್ಮನ ಮಚ್ಚೆಯ ಜೊತೆಗೆ ಅರ್ಧ ಮೂಗನ್ನೂ ಅಳಿಸಿತ್ತು. ಅಪ್ಪ ಅದನ್ನು ನೋಡಿ, "ಕಲಿಯದವರ ಕೆಲಸ," ಎಂದು ಫೋನು ವಾಪಸ್ಸು ಕೊಟ್ಟರು. ಸಂಬಂಧಿಕರಿಗೆಲ್ಲ ಫೋನ್ ಹೋಯಿತು. ಯಾರದೋ ಹುಟ್ಟುಹಬ್ಬದಲ್ಲಿ ತೆಗೆದ ಒಂದು ಚಿತ್ರ ಬಂತು. ಎಡಗೆನ್ನೆ, ಒಳ್ಳೆಯ ಬೆಳಕು, ಯಾರೂ ತಿದ್ದಿಲ್ಲ. ಮಚ್ಚೆಯ ಮೇಲೆ ಸರಿಯಾಗಿ ಒಂದು ಹಿಡಿ ಕೇಕಿನ ಕ್ರೀಮು.

ಹುಡುಕಾಟದ ಗಲಾಟೆಯಲ್ಲಿ ನಗು ಇತ್ತು, ಆದರೆ ಅಮ್ಮ ಈಗ ಹೋಗುತ್ತಾ ಬರುತ್ತಾ ಕನ್ನಡಿಯ ಮುಂದೆ ನಿಲ್ಲುತ್ತಿದ್ದಳು. ಒಮ್ಮೆ ನಾನು ಹಿಂದೆ ಬಂದದ್ದು ತಿಳಿಯದೆ ಚುಕ್ಕೆಯನ್ನು ಬೆರಳ ತುದಿಯಿಂದ ಒತ್ತಿ, "ಯಾರು ನೀನು?" ಎಂದು ಕೇಳುತ್ತಿದ್ದಳು.

ಕೊನೆಗೆ ಸಿಕ್ಕಿತು. ಸಿಕ್ಕಿದ್ದು ಅಮ್ಮನಿಗೇ, ಗುಂಡಿ ದಾರ ತುಂಬಿದ ಹಳೆಯ ತಗಡಿನ ಡಬ್ಬದ ತಳದಲ್ಲಿ. ದೂರವಾಣಿ ಕಚೇರಿಯ ಅವಳ ಮೊದಲ ಗುರುತಿನ ಚೀಟಿ. ಮೂಲೆಯಲ್ಲಿ ಕಪ್ಪು ಬಿಳುಪು ಫೋಟೋ, ಎರಡು ಜಡೆಯ ತೆಳ್ಳಗಿನ ಹುಡುಗಿ, ಕೋಪ ಬಂದವಳ ಹಾಗೆ ನೋಡುತ್ತಿದ್ದಾಳೆ. ಎಡಗೆನ್ನೆಯಲ್ಲಿ ಮಚ್ಚೆ! ಅಷ್ಟೇ ಅಲ್ಲ, ಭೂತಗನ್ನಡಿ ಹಿಡಿದರೆ ಮಚ್ಚೆಯ ಕೆಳಗಿನ ಅಂಚಿನಲ್ಲಿ, ಸಾಸಿವೆಯಷ್ಟು ಜಾಗದಲ್ಲಿ, ಒಂದು ಗಾಢ ಚುಕ್ಕೆ.

"ನೋಡು! ನೋಡೇ ಕುರುಡಿ!" ಅಮ್ಮ ಚೀಟಿಯನ್ನು ಚಿಕ್ಕಮ್ಮನ ಮೂಗಿಗೆ ಹಿಡಿದಳು. "ಆಗಲೇ ಇತ್ತು! ನನ್ನ ಕೆನ್ನೆ ನನಗೆ ಗೊತ್ತಿಲ್ಲ ಅಂದ್ಯಲ್ಲ!"

ಚಿಕ್ಕಮ್ಮ ಕನ್ನಡಕ ತೆಗೆದು ನೋಡಿದಳು, ಹಾಕಿಕೊಂಡು ನೋಡಿದಳು, ಸೋಲು ಒಪ್ಪಿಕೊಂಡು ಚಹಾ ಮಾಡಲು ಎದ್ದಳು. ಅಮ್ಮನ ಮುಖ ಎಷ್ಟೋ ದಿನಗಳ ಮೇಲೆ ಹಗುರವಾಗಿತ್ತು. ಅಪ್ಪ ಚೀಟಿಯನ್ನು ತೆಗೆದುಕೊಂಡು ಕಿಟಕಿಗೆ ಹೋದರು. ಬಹಳ ಹೊತ್ತು ಬೆನ್ನು ಹಾಕಿ ನಿಂತಿದ್ದರು. ತಿರುಗಿದಾಗ, "ನಾಳೆ ನಾನೂ ಆಸ್ಪತ್ರೆಗೆ ಬರ್ತೀನಿ," ಎಂದರು.

ಆಸ್ಪತ್ರೆಯ ವಾಸನೆಗೇ ತಲೆ ತಿರುಗುವ ಮನುಷ್ಯ. ನಾನು ಹುಟ್ಟಿದಾಗಲೂ ಗೇಟಿನ ಹೊರಗೇ ನಿಂತಿದ್ದರಂತೆ.

ಡಾಕ್ಟರಮ್ಮ ಗುರುತಿನ ಚೀಟಿಯನ್ನು ದೀಪದ ಕೆಳಗಿಟ್ಟು ನೋಡಿದರು. ಅಮ್ಮನ ಕೆನ್ನೆ ನೋಡಿದರು. "ಹೌದಲ್ಲ," ಎಂದರು. "ಅದೇ ಜಾಗ. ಎಷ್ಟು ವರ್ಷದ ಹಿಂದಿನದು ಇದು? ಹಾಗಿದ್ರೆ ಆತುರ ಬೇಡ. ಆರು ತಿಂಗಳು ಬಿಟ್ಟು ಬನ್ನಿ, ಇನ್ನೊಮ್ಮೆ ನೋಡೋಣ."

ಅಮ್ಮ ಕೈಚೀಲ ಎತ್ತಿಕೊಂಡು ಎದ್ದೇಬಿಟ್ಟಳು. ಬಾಗಿಲ ತನಕ ಹೋಗಿದ್ದಳು ಕೂಡ.

"ಡಾಕ್ಟ್ರೇ," ಎಂದರು ಅಪ್ಪ ಕೂತಲ್ಲಿಂದಲೇ. ಅವರ ಹಣೆಯ ಮೇಲೆ ಬೆವರು. "ಅದು ಮಚ್ಚೆ ಅಲ್ಲ."

"ಯಾವುದು?"

"ಫೋಟೋದಲ್ಲಿರೋದು. ಅದು ಮಸಿ. ನಾನು ಬರೆದಿದ್ದು."

ಅಮ್ಮ ಬಾಗಿಲಿನ ಹಿಡಿಯನ್ನು ಬಿಡದೆ ತಿರುಗಿದಳು.

ಅಪ್ಪ ಹೇಳಿದರು, ಡಾಕ್ಟರಮ್ಮನನ್ನು ನೋಡಿಕೊಂಡೇ, ಅಮ್ಮನ ಕಡೆ ನೋಡದೆ. ಆಗ ಅವರು ಇನ್ನೊಬ್ಬರ ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದರು. ಹೊಸದಾಗಿ ನೌಕರಿ ಸಿಕ್ಕ ಒಬ್ಬ ಹುಡುಗಿ ಫೋಟೋ ತೆಗೆಸಿಕೊಂಡು ಹೋದಳು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ, ಮಚ್ಚೆ ಅಳಿಸಿ ಕೊಟ್ಟಿದ್ದರು. ಮಾರನೆಯ ದಿನ ಆ ಹುಡುಗಿ ಬೆಂಕಿಯಾಗಿ ವಾಪಸ್ಸು ಬಂದಳು. ಕಚೇರಿಯ ಕಾವಲುಗಾರ ಅವಳನ್ನು ಒಳಗೆ ಬಿಟ್ಟಿರಲಿಲ್ಲ. "ಈ ಫೋಟೋದಲ್ಲಿರೋದು ನಿನ್ನ ತಂಗಿ ಇರಬೇಕು, ಅವಳನ್ನೇ ಕಳಿಸು," ಎಂದಿದ್ದನಂತೆ.

"ನಾನಾ?" ಎಂದಳು ಚಿಕ್ಕಮ್ಮ ಖುಷಿಯಿಂದ.

"ಹೊಸ ಪ್ರಿಂಟ್ ಹಾಕಿಕೊಡ್ತೀನಿ ಅಂದ್ರಲ್ಲ ನೀವು!" ಎಂದಳು ಅಮ್ಮ. "ಕತ್ತಲೆ ಕೋಣೆಗೆ ಹೋಗಿ ಬಂದ್ರಿ!"

"ನೆಗೆಟಿವ್ ಮೇಲೇ ತಿದ್ದಿದ್ದೆ. ಎಷ್ಟು ಪ್ರಿಂಟ್ ಹಾಕಿದರೂ ಮಚ್ಚೆ ಬರ್ತಿರಲಿಲ್ಲ. ಮಾಲೀಕರಿಗೆ ಗೊತ್ತಾದ್ರೆ ಬೈತಾರೆ. ಪ್ರಿಂಟಿನ ಮೇಲೆ ಕುಂಚದಲ್ಲಿ ಬರೆದೆ. ಒಳಗೂ ನಿನ್ನ ಬೈಗುಳ ಕೇಳಿಸ್ತಾನೇ ಇತ್ತು. ಗಮನ ತಪ್ಪಿ ಒಂದು ಹನಿ ಹೆಚ್ಚಾಯ್ತು. ಮಸಿ ಕೆಳಗಿಳಿದು ಅಂಚಿನಲ್ಲಿ ನಿಂತಿತು."

ಡಾಕ್ಟರಮ್ಮ ಚೀಟಿಯನ್ನು ಮತ್ತೆ ಎತ್ತಿಕೊಂಡರು. ಈ ಸಲ ಅದನ್ನು ಓರೆಯಾಗಿ ಹಿಡಿದರು. ಬೆಳಕು ಜಾರಿದಾಗ ಮಚ್ಚೆ ಇದ್ದ ಜಾಗ ಮಾತ್ರ ಹೊಳೆಯದೆ ಮಂಕಾಗಿ ಉಳಿಯಿತು. ನನಗೆ ನಾಚಿಕೆಯಾಯಿತು. ಎರಡು ಸಂಗತಿ ಒಂದೇ ಜಾಗದಲ್ಲಿ ಕಂಡ ಮಾತ್ರಕ್ಕೆ ಒಂದೇ ಎಂದುಕೊಳ್ಳಬೇಡಿ ಎಂದು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುವವಳು ನಾನು. ಕೆಳಗೆ ಇಳಿಯುವುದು ಮಸಿಯ ಗುಣ, ಚರ್ಮದ ಗುಣವಲ್ಲ ಎಂದು ಹೊಳೆಯಲೇ ಇಲ್ಲ, ಏಕೆಂದರೆ ಅದು ಹಳೆಯದೇ ಆಗಿರಲಿ ಎಂದು ನನಗೂ ಆಸೆಯಿತ್ತು.

"ಒಂದು ವಿಷಯ ನೆನಪು ಮಾಡಿಕೊಂಡು ಹೇಳಿ," ಎಂದರು ಡಾಕ್ಟರಮ್ಮ. "ನೀವು ಬರೆಯುವಾಗ ಇವರನ್ನ ನೋಡಿಕೊಂಡು ಬರೆದ್ರಾ? ಆವತ್ತು ಇವರ ಕೆನ್ನೇಲಿ ಈ ಚುಕ್ಕೆ ಇತ್ತಾ?"

"ಇರಲಿಲ್ಲ."

"ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ? ಮೊನ್ನೆ ನೆನಪಿಲ್ಲ ಅಂದ್ರಂತೆ."

"ಮಚ್ಚೆ ನೆನಪಿಲ್ಲ. ನನ್ನ ತಪ್ಪು ನೆನಪಿದೆ." ಅಪ್ಪ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಪ್ರಿಂಟ್ ಕೊಡುವಾಗ ಇವಳ ಮುಖ, ಫೋಟೋ, ಎರಡನ್ನೂ ಪಕ್ಕಪಕ್ಕ ನೋಡಿದೆ. ಎಲ್ಲ ಸರಿ ಇತ್ತು, ಆ ಹನಿ ಒಂದು ಬಿಟ್ಟು. ಇವಳಿಗೆ ಗೊತ್ತಾಗುತ್ತೇನೋ ಅಂತ ಎದೆ ಹೊಡ್ಕೊಳ್ತಿತ್ತು. ಮದುವೆ ಆದ ಮೇಲೂ ಇವಳು ಚೀಟಿ ಹಾಕ್ಕೊಂಡು ಕೆಲಸಕ್ಕೆ ಹೊರಟಾಗೆಲ್ಲ ನನ್ನ ಕಣ್ಣಿಗೆ ಮೊದಲು ಬೀಳ್ತಿದ್ದದ್ದು ಅದೇ."

ಡಾಕ್ಟರಮ್ಮ ಅಮ್ಮನ ಕಡೆ ನೋಡಿದರು. ಚುಕ್ಕೆ ಹೊಸದು.

ಅಮ್ಮ ಬಾಗಿಲಿನ ಹಿಡಿ ಬಿಟ್ಟು ಬಂದು ಕೂತಳು. ಸ್ವಲ್ಪ ಹೊತ್ತು ಕೈಚೀಲದ ಜಿಪ್ಪು ಎಳೆದಳು, ಮುಚ್ಚಿದಳು. "ಬಾಯಿ ಮುಚ್ಕೊಂಡು ಇದ್ದಿದ್ರೆ ನಾನು ಮನೆಗೆ ಹೋಗ್ತಿದ್ದೆ," ಎಂದಳು ಅಪ್ಪನಿಗೆ.

"ಗೊತ್ತು."

"ಎಲ್ಲ ಬಿಟ್ಟು ಇವತ್ತೇ ನಿಜ ಹೇಳಬೇಕಿತ್ತಾ?"

ಅಪ್ಪನ ಕಣ್ಣು ತುಂಬಿಕೊಂಡಿತ್ತು, ಒರೆಸಿಕೊಳ್ಳುವುದೂ ಮರೆತಿತ್ತು. ಅಮ್ಮ ಅದನ್ನು ನೋಡಿದಳು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, ಆಪರೇಟರ್ ದಿನಗಳ ಸ್ಪಷ್ಟ ಧ್ವನಿಯಲ್ಲಿ, "ಎಷ್ಟು ದೊಡ್ಡ ಚೂರು?" ಎಂದು ಕೇಳಿದಳು.

ಚೂರು ಅಕ್ಕಿಕಾಳಿಗಿಂತ ದೊಡ್ಡದಿರಲಿಲ್ಲ. ಕೆನ್ನೆ ಮರಗಟ್ಟಿಸಿ, ದುಂಡನೆಯ ಪುಟ್ಟ ಕೊಳವೆಯಂಥ ಉಪಕರಣದಿಂದ ತೆಗೆದು, ಒಂದು ಹೊಲಿಗೆ ಹಾಕಿದರು. ಚುಚ್ಚುಮದ್ದು ಕೊಡುವಾಗ ಅಮ್ಮ ಅಪ್ಪನ ಕೈ ಹಿಡಿದಿದ್ದಳು. ಎದ್ದು ಬರುವಾಗ ತಲೆ ತಿರುಗಿ ಕೂತದ್ದು ಅಪ್ಪ. ನರ್ಸು ಅವರಿಗೆ ನೀರು ಕುಡಿಸಿದಳು.

ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಮನೆಯಲ್ಲಿ ಯಾರೂ ಮಚ್ಚೆಯ ಮಾತೆತ್ತಲಿಲ್ಲ. ನಾನು ಓದಬಾರದ್ದನ್ನೆಲ್ಲ ಓದಿದೆ. ಚಿಕ್ಕಮ್ಮ ಊರಿಗೆ ಹೋಗುವುದನ್ನು ಮುಂದೂಡಿ, ಕೇಳದಿದ್ದರೂ ಅಡುಗೆ ಮಾಡಿದಳು. ಅಪ್ಪ ಸ್ಟುಡಿಯೋದಲ್ಲಿ ಗಿರಾಕಿಗಳ ಮುಖ ತಿದ್ದುವಾಗ ನಡುವೆ ನಿಲ್ಲಿಸಿ, "ಇದು ಹುಟ್ಟಿದಾಗಿನಿಂದ ಇದ್ಯಾ? ಬದಲಾಗಿದ್ಯಾ?" ಎಂದು ಕೇಳತೊಡಗಿದ್ದರು. ಫೋಟೋ ತೆಗೆಸಿಕೊಳ್ಳಲು ಬಂದ ಒಬ್ಬ ಬಸ್ ಡ್ರೈವರ್ ಹೆದರಿ, ಹಣ ಕೊಟ್ಟು, ಫೋಟೋ ತೆಗೆದುಕೊಳ್ಳದೆ ಹೋದನಂತೆ.

ಡಾಕ್ಟರಮ್ಮ ಕವರು ಒಡೆದು ಓದಿದರು. ಅವರ ಹುಬ್ಬುಗಳು ಮೇಲೆ ಹೋದವು.

"ಕೆಟ್ಟದ್ದು ಏನೂ ಇಲ್ಲ," ಎಂದರು ಮೊದಲು. ಚಿಕ್ಕಮ್ಮ ಜೋರಾಗಿ ಉಸಿರು ಬಿಟ್ಟಳು. "ಮಚ್ಚೆ ಸಾಧುವೇ. ಒಳಗೆ ಒಂದು ಮುರಿದ ಕೂದಲು ಸಿಕ್ಕಿಹಾಕಿಕೊಂಡು, ಸುತ್ತಲೂ ಊತ ಬಂದು ಕಪ್ಪಾಗಿದೆ. ಅಮ್ಮಾ, ಆ ಮಚ್ಚೇಲಿ ಬರೋ ಕೂದಲನ್ನ ನೀವು ಕೀಳ್ತಿದ್ರಾ?"

ಅಮ್ಮ ಗೋಡೆಯ ಮೇಲಿದ್ದ ಕೈ ತೊಳೆಯುವ ವಿಧಾನದ ಚಿತ್ರವನ್ನು ಗಮನವಿಟ್ಟು ನೋಡುತ್ತಿದ್ದಳು.

"ಅಮ್ಮಾ," ಎಂದೆ.

"ಒಂದೇ ಒಂದು ಕೂದಲು," ಎಂದಳು. "ತಂತಿ ಹಾಗೆ ಇರುತ್ತೆ. ಕಿತ್ತಷ್ಟೂ ಬರುತ್ತೆ. ಈಚೆಗೆ ಕಣ್ಣು ಸರಿಯಾಗಿ ಕಾಣಲ್ಲ, ಚಿಮುಟ ಜಾರಿ ಅರ್ಧಕ್ಕೇ ಮುರೀತು."

"ಯಾವಾಗಿನಿಂದ ಕೀಳ್ತಿದ್ದೀರಿ?"

"ಮದುವೆಗೆ ಮುಂಚಿನಿಂದ."

ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ನನಗೆ ಗೊತ್ತೇ ಇಲ್ವಲ್ಲೇ!"

"ನಿಮಗೆ ಗೊತ್ತಾಗಬಾರದು ಅಂತಾನೇ ಕೀಳ್ತಿದ್ದಿದ್ದು."

"ಮತ್ತೆ ನನ್ನನ್ನ ಅಷ್ಟೊಂದು ಬೈದೆ?"

"ನಾನು ಕಿತ್ತಿದ್ದು ಕೂದಲು. ನೀವು ಅಳಿಸಿದ್ದು ಇಡೀ ಮಚ್ಚೆ. ವ್ಯತ್ಯಾಸ ಇಲ್ವಾ?"

"ಒಳ್ಳೇ ಜೋಡಿ," ಎಂದಳು ಚಿಕ್ಕಮ್ಮ. ಅವಳಿಗೆ ನಗು ತಡೆಯಲಾಗದೆ ಹೊರಗೆ ಹೋಗಬೇಕಾಯಿತು.

ಇನ್ನು ಮೇಲೆ ಕೀಳಬೇಡಿ, ಬೇಕಿದ್ದರೆ ಪುಟ್ಟ ಕತ್ತರಿಯಿಂದ ಕತ್ತರಿಸಿಕೊಳ್ಳಿ ಎಂದರು ಡಾಕ್ಟರಮ್ಮ. ಆಮೇಲೆ ಅಪ್ಪನಿಗೊಂದು ಕೆಲಸ ವಹಿಸಿದರು. ಗಾಯ ಮಾಗಿದ ಮೇಲೆ ಕೆನ್ನೆಯ ಒಂದು ಫೋಟೋ ಬೇಕು. ಕೆನ್ನೆಗೆ ತಾಗಿಸಿ ಒಂದು ಸ್ಕೇಲು ಹಿಡಿದಿರಬೇಕು, ಪ್ರತಿ ಸಲವೂ ಅದೇ ಬೆಳಕಿರಬೇಕು. ನಗಬಾರದು, ನಕ್ಕರೆ ಮಚ್ಚೆಯ ಆಕಾರ ಹಿಗ್ಗುತ್ತದೆ. "ಮುಖ್ಯವಾಗಿ," ಎಂದು ಅಪ್ಪನನ್ನು ನೇರವಾಗಿ ನೋಡಿದರು, "ಅದರ ಮೇಲೆ ನಿಮ್ಮ ಕೈ ಬೀಳಬಾರದು."

ಗಾಯ ಮಾಗಿತು. ಒಂದು ಭಾನುವಾರ ಸ್ಟುಡಿಯೋದ ಬಾಗಿಲು ಅರ್ಧ ಮುಚ್ಚಿ, ಅಪ್ಪ ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿದರು. ದೀಪಗಳನ್ನು ಸರಿಸಿದರು, ನೆಲದ ಮೇಲೆ ಸ್ಟೂಲಿನ ಕಾಲುಗಳ ಜಾಗಕ್ಕೆ ಸುಣ್ಣದಕಡ್ಡಿಯಿಂದ ಗುರುತು ಹಾಕಿದರು. ಅಮ್ಮ ಸ್ಕೇಲನ್ನು ಕೆನ್ನೆಗೆ ಒತ್ತಿ ಹಿಡಿದು, ನಗದೆ, ಗುರುತಿನ ಚೀಟಿಯ ಹುಡುಗಿಯಷ್ಟೇ ಕೋಪದಿಂದ ನೋಡಿದಳು. ಬೆಳಕು ಮಿಂಚಿತು.

ಚಿತ್ರ ಕಂಪ್ಯೂಟರ್ ಪರದೆಯ ತುಂಬ ಬಂತು. ನಾವು ನಾಲ್ವರೂ ಅದರ ಮುಂದೆ ನಿಂತೆವು. ಹುಣಸೆಬೀಜದಷ್ಟು ಮಚ್ಚೆ, ಅದರ ಅಂಚಿನಲ್ಲಿ ಚೂರು ತೆಗೆದಲ್ಲಿ ಗುಲಾಬಿ ಬಣ್ಣದ ಗೀರು, ಕಣ್ಣಿನ ಸುತ್ತ ಸುಕ್ಕು, ಮೇಲ್ದುಟಿಯ ಮೇಲೆ ಸಣ್ಣ ರೋಮ. ಅಪ್ಪನ ಬಲಗೈ ಮೌಸಿನ ಕಡೆ ಹೋಯಿತು. ಎಡಗೈ ಅದನ್ನು ಹಿಡಿದು ವಾಪಸ್ಸು ತಂದಿತು.

"ಈ ಹೆಂಗಸಿಗೆ ವಯಸ್ಸಾಗಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ," ಎಂದಳು ಅಮ್ಮ.

ಅವಳು ಪರದೆಗೆ ಇನ್ನಷ್ಟು ಹತ್ತಿರ ಬಂದಳು. "ಮಚ್ಚೆ ಹಾಗೇ ಇರಲಿ. ಅದು ಡಾಕ್ಟರದ್ದು. ಗೀರೂ ಇರಲಿ. ಆದ್ರೆ ಈ ಗಲ್ಲದ ಕೆಳಗೆ ಇನ್ನೊಂದು ಗಲ್ಲ ಇದೆಯಲ್ಲ, ಅದನ್ನ ಸ್ವಲ್ಪ..."

"ಆಗಲ್ಲ," ಎಂದರು ಅಪ್ಪ.

"ಅವರು ಕೆನ್ನೆಗೆ ಡಾಕ್ಟರು. ಗಲ್ಲಕ್ಕಲ್ಲ."

"ಫೋಟೋ ಮೇಲೆ ಕೈ ಬೀಳಬಾರದು ಅಂದಿದ್ದಾರೆ. ಗಲ್ಲ ಬಿಟ್ಟು ಅಂತ ಹೇಳಿಲ್ಲ."

"ಊರವರಿಗೆಲ್ಲ ಮಾಡಿಕೊಟ್ರಿ. ಕಟ್ಕೊಂಡ ಹೆಂಡತಿ ಒಂದು ಸಲ ಬಾಯಿಬಿಟ್ಟು ಕೇಳಿದ್ರೆ ಆಗಲ್ಲ!"

ಅಪ್ಪ ಮೌಸನ್ನು ಎತ್ತಿ ಚಿಕ್ಕಮ್ಮನ ಕೈಗೆ ಕೊಟ್ಟು, "ಇದನ್ನ ಇಟ್ಕೋ, ಕೇಳಿದರೂ ಕೊಡಬೇಡ," ಎಂದರು.

ಅಮ್ಮ ಗಂಡನನ್ನು ನೋಡಿದಳು, ಪರದೆಯ ಮೇಲಿದ್ದ ತನ್ನನ್ನು ನೋಡಿಕೊಂಡಳು, ಮತ್ತೆ ಹೋಗಿ ಸುಣ್ಣದ ಗುರುತಿನ ಮೇಲೆ ಸ್ಟೂಲು ಸರಿಯಾಗಿ ಇಟ್ಟು ಕೂತಳು.

"ಹಾಗಾದ್ರೆ ಇನ್ನೊಂದು ತೆಗೀರಿ," ಎಂದಳು. "ಗಲ್ಲ ಎತ್ಕೊಂಡು ಕೂರ್ತೀನಿ. ಅದಕ್ಕೆ ಅಡ್ಡಿ ಇಲ್ವಲ್ಲ?"

ಅಪ್ಪ ಯೋಚಿಸಿದರು. ಅಡ್ಡಿ ಕಾಣಲಿಲ್ಲ. ಕ್ಯಾಮೆರಾ ಹಿಂದೆ ಹೋಗಿ ಬಗ್ಗಿದರು.

"ಎತ್ತು," ಎಂದರು. "ಇನ್ನೂ ಸ್ವಲ್ಪ. ಅಷ್ಟಲ್ಲ, ಮೂಗಿನ ಹೊಳ್ಳೆ ಕಾಣ್ತಿದೆ. ಹಾಂ, ಹಾಗೇ ಇರು. ಸ್ಕೇಲು ಬೀಳಿಸಬೇಡ."